ಒಂದು ಫೈಬರ್ ಲೈನು, ಒಂಬತ್ತು ಕಂಪ್ಯೂಟರು: ಮಧ್ಯಾಹ್ನವಾದರೆ ಅರ್ಧ ಆಫೀಸಿಗೆ ನೆಟ್ ಇರಲ್ಲ

ತೆರಿಗೆಕಟ್ಟೆ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಮ್ಮದು ಜಿಎಸ್‌ಟಿ, ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಸಲ್ಲಿಸುವ ಸಣ್ಣ ಆಫೀಸು. ಕೆಳಗೆ ಸೀನಿಯರ್ ಚೇಂಬರ್ ಮತ್ತು ಕ್ಲೈಂಟ್‌ಗಳು ಕೂರುವ ಜಾಗ, ಮೇಲೆ ನಾವು ಸ್ಟಾಫ್. ಫೈಬರ್ ಲೈನ್ ಕೆಳಗಿನ ಡಬ್ಬಿಗೆ ಬರುತ್ತೆ, ವೈಫೈ ಅದರಲ್ಲೇ ಇದೆ. ಅಲ್ಲಿಂದ ಒಂದು ಕೇಬಲ್ ಮೇಲಿನ ಹಳೇ ರೌಟರ್‌ಗೆ ಹೋಗಿದೆ, ರೌಟರ್‌ನಿಂದ ಎಂಟು ಪೋರ್ಟಿನ ಸ್ವಿಚ್‌ಗೆ, ಸ್ವಿಚ್‌ನಿಂದ ಕಂಪ್ಯೂಟರ್‌ಗಳಿಗೆ. ಮೇಲೆ ಆರು, ಕೆಳಗೆ ಮೂರು. ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿಯ ಡೇಟಾ ಇರೋದು ಮೇಲಿನ ಒಂದು ಕಂಪ್ಯೂಟರ್‌ನಲ್ಲಿ. ಎರಡು ಪ್ರಿಂಟರ್, ನಾಲ್ಕು ಸಿಸಿ ಕ್ಯಾಮೆರಾ ಇವೆ.

ಬೆಳಿಗ್ಗೆ ಎಲ್ಲ ಸರಿ ಇರುತ್ತೆ. ಊಟ ಮುಗಿಸಿ ಬಂದು ಕೂತರೆ ಎರಡು ಮೂರು ಕಂಪ್ಯೂಟರ್‌ಗೆ ‘ನೋ ಇಂಟರ್‌ನೆಟ್’. ಪಕ್ಕದ ಟೇಬಲ್‌ನಲ್ಲಿ ಚೆನ್ನಾಗೇ ಓಡ್ತಿರುತ್ತೆ. ಪ್ರಿಂಟರ್ ಆಫ್‌ಲೈನ್ ಅಂತ ತೋರಿಸುತ್ತೆ. ಎಲ್ಲ ಆಫ್ ಮಾಡಿ ಆನ್ ಮಾಡಿದರೆ ಸ್ವಲ್ಪ ಹೊತ್ತು ಸರಿ. ನೆಟ್ ಇರುವ ಕಂಪ್ಯೂಟರ್‌ಗಳೂ ಮಧ್ಯಾಹ್ನದ ಮೇಲೆ ತೆವಳುತ್ತವೆ. ಫೈಬರ್ ಕಂಪನಿಯವರಿಗೆ ಹೇಳಿದ್ದಕ್ಕೆ 100 ಎಂಬಿಪಿಎಸ್ ಪ್ಲ್ಯಾನ್ 200 ಮಾಡಿಸಿ ಅಂದರು. ಮಾಡಿಸಿದ್ವಿ, ಮೇಲಿನ ಮಹಡಿಯಲ್ಲಿ ಒಂದು ಚೂರೂ ವ್ಯತ್ಯಾಸ ಇಲ್ಲ. 20ನೇ ತಾರೀಖು ಹತ್ತಿರ ಬಂದರೆ, ಜಿಎಸ್‌ಟಿಯ 3ಬಿ ರಿಟರ್ನ್ ಫೈಲ್ ಮಾಡೋ ಹೊತ್ತಿಗೆ ಇದು ಆದರೆ, ಕ್ಲೈಂಟ್‌ಗೆ ಲೇಟ್ ಫೀ ಬೀಳುತ್ತೆ. ಇನ್ನೊಂದು ಕನೆಕ್ಷನ್ ತಗೋಬೇಕಾ? ದಯವಿಟ್ಟು ತಿಳಿದವರು ಹೇಳಿ.

ವೇಗದೂತ, ತುಮಕೂರು

ಡಿಎನ್‌ಎಸ್ (ವೆಬ್‌ಸೈಟ್ ಹೆಸರಿಗೆ ವಿಳಾಸ ಹುಡುಕಿಕೊಡೋ ಸರ್ವರ್) 8.8.8.8 ಇಲ್ಲ 1.1.1.1 ಹಾಕಿ ನೋಡಿ ಸರ್. ನಮ್ಮಲ್ಲಿ ಅದರಿಂದ ಸರಿಹೋಯ್ತು.

ತಂತಿ ಎಳೆಯುವವ, ಹುಬ್ಬಳ್ಳಿ

ಡಿಎನ್‌ಎಸ್ ಕೆಟ್ಟಿದ್ರ ಪ್ರಿಂಟರ್ ಯಾಕ ಮಾಯ ಆಗಬೇಕ್ರಿ? ಪ್ರಿಂಟರ್ ಆಫೀಸಿನ ಒಳಗ ಅದ, ಅದಕ್ಕ ಹೊರಗಿನ ಡಿಎನ್‌ಎಸ್ ಸಂಬಂಧ ಇಲ್ಲ. ಇದು ಒಳಗಿನ ತೊಂದರಿ.

ತೆರಿಗೆಕಟ್ಟೆ ಸರ್, ಇನ್ನೊಂದು ಕನೆಕ್ಷನ್ನಿಗೆ ರೊಕ್ಕ ಕಟ್ಟೂಕಿಂತ ಮೊದಲ ಎರಡು ಕೆಲಸ ಮಾಡ್ರಿ. ನೆಟ್ ಬರೂ ಒಂದು ಕಂಪ್ಯೂಟರ್, ಬರಲಾರದ್ದು ಒಂದು, ಎರಡರೊಳಗೂ ಕಮಾಂಡ್ ಪ್ರಾಂಪ್ಟ್ ತೆಗೆದು ಐಪಿಕಾನ್ಫಿಗ್ (ipconfig) ಅಂತ ಹೊಡೀರಿ. ಐಪಿ ವಿಳಾಸ (ನೆಟ್‌ವರ್ಕಿನೊಳಗ ಆ ಕಂಪ್ಯೂಟರಿನ ನಂಬರ್), ಡೀಫಾಲ್ಟ್ ಗೇಟ್‌ವೇ (ಹೊರಗ ಹೋಗೂ ಬಾಗಿಲಿನ ನಂಬರ್) ಎರಡೂ ಇಲ್ಲಿ ಬರೀರಿ. ಆಮ್ಯಾಲ ಮ್ಯಾಲಿನ ರೌಟರಿನ ಹಿಂದ ನೋಡ್ರಿ, ಕೆಳಗಿನಿಂದ ಬಂದ ಕೇಬಲ್ ಯಾವ ಪೋರ್ಟಿಗೆ ಅದ? ಹೊರಗಿನ ಲೈನಿಗೆ ಇರೂ ಬ್ಯಾರೆ ಬಣ್ಣದ ಒಂಟಿ ವ್ಯಾನ್ ಪೋರ್ಟಿಗೋ, ಇಲ್ಲಾ ಒಳಗಿನ ಕಂಪ್ಯೂಟರಿಗೆ ಸಾಲಾಗಿರೂ ಲ್ಯಾನ್ ಪೋರ್ಟಿಗೋ? ಇನ್ನೊಂದು, ರಾತ್ರಿ ಹೋಗೂ ಮುಂದ ಮ್ಯಾಲಿನ ಮೇನ್ ಸ್ವಿಚ್ ಆಫ್ ಮಾಡ್ತೀರೇನು?

ತೆರಿಗೆಕಟ್ಟೆ, ದಾವಣಗೆರೆ

ಸರ್, ಚೆನ್ನಾಗಿ ಓಡ್ತಿರೋದು: 192.168.1.14, ಗೇಟ್‌ವೇ 192.168.1.1.
ನೆಟ್ ಇಲ್ಲದ್ದು: 192.168.0.107, ಗೇಟ್‌ವೇ 192.168.0.1.
ಇನ್ನೊಂದರಲ್ಲಿ 169.254ರಿಂದ ಶುರುವಾಗೋ ನಂಬರ್ ಇದೆ, ಗೇಟ್‌ವೇ ಖಾಲಿ.
ಕೇಬಲ್ ಲ್ಯಾನ್ ಪೋರ್ಟಿಗೆ ಇದೆ. ಹೌದು, ರಾತ್ರಿ ಮೇಲಿನ ಮೇನ್ ಆಫ್ ಮಾಡ್ತೀವಿ. ಕೆಳಗಿನ ಫೈಬರ್ ಡಬ್ಬಿ ಮತ್ತು ಕ್ಯಾಮೆರಾ ಮಾತ್ರ ಯಾವಾಗಲೂ ಆನ್.

ತಂತಿ ಎಳೆಯುವವ, ಹುಬ್ಬಳ್ಳಿ

ಈ ಮೂರು ನಂಬರಿನೊಳಗ ಪೂರ್ತಿ ಕಥಿ ಅದ. ಸಣ್ಣ ಆಫೀಸುಗಳೊಳಗ ನಾವು ಹೆಚ್ಚಿಗಿ ನೋಡೂ ತೊಂದರಿನೂ ಇದ.

ಕಂಪ್ಯೂಟರ್ ಆನ್ ಆದ ಕೂಡ್ಲೆ ಇಡೀ ನೆಟ್‌ವರ್ಕಿಗೆ ಕೇಳಿಸೂಹಂಗ ಕೂಗ್ತದ: ನನಗ ಒಂದು ವಿಳಾಸ ಕೊಡ್ರಿ ಅಂತ. ಅದಕ್ಕ ಉತ್ತರ ಕೊಡೂ ಕೆಲಸಕ್ಕ ಡಿಎಚ್‌ಸಿಪಿ ಅಂತಾರ. ಒಂದು ನೆಟ್‌ವರ್ಕಿಗೆ ಉತ್ತರ ಕೊಡಾಂವ ಒಬ್ಬನ ಇರಬೇಕು. ನಿಮ್ಮಲ್ಲಿ ಕೆಳಗಿನ ಫೈಬರ್ ಡಬ್ಬಿನೂ ಕೊಡ್ತದ, ಮ್ಯಾಲಿನ ಹಳೇ ರೌಟರೂ ಕೊಡ್ತದ. ಒಂದ ಮನಿಗೆ ಇಬ್ಬರು ಯಜಮಾನರು. ಯಾರು ಮೊದಲ ಉತ್ತರ ಕೊಟ್ರೋ ಅವರ ವಿಳಾಸ ತೊಗೊಂಡು ಕಂಪ್ಯೂಟರ್ ಸುಮ್ಮನಾಗ್ತದ. ಫೈಬರ್ ಡಬ್ಬಿ ಕೊಟ್ರ 192.168.1 ಸಾಲು, ನೆಟ್ ಓಡ್ತದ. ಹಳೇ ರೌಟರ್ ಕೊಟ್ರ 192.168.0 ಸಾಲು. ಅದು ‘ನನ್ನ ಕಡೆಯಿಂದ ಹೊರಗ ಹೋಗ್ರಿ’ ಅಂತ ಹೇಳ್ತದ, ಆದ್ರ ಅದರ ವ್ಯಾನ್ ಪೋರ್ಟ್ ಖಾಲಿ, ಹೊರಗ ಹೋಗಾಕ ದಾರಿನ ಇಲ್ಲ. ಪ್ರಿಂಟರ್ ಒಂದು ಸಾಲಿನೊಳಗ, ಕಂಪ್ಯೂಟರ್ ಇನ್ನೊಂದು ಸಾಲಿನೊಳಗ ಬಿದ್ರ ಒಂದಕ್ಕೊಂದು ಕಾಣಂಗಿಲ್ಲ.

ಬೆಳಿಗ್ಗೆ ಯಾಕ ಸರಿ ಅಂದ್ರ, ಮೇನ್ ಹಾಕಿದಾಗ ಹಳೇ ರೌಟರ್ ಎದ್ದು ಕೂಡಾಕ ಹೊತ್ತು ಹಿಡೀತದ. ಅಷ್ಟರೊಳಗ ರಾತ್ರಿಯೆಲ್ಲಾ ಎಚ್ಚರ ಇದ್ದ ಫೈಬರ್ ಡಬ್ಬಿ ಎಲ್ಲಾರಿಗೂ ವಿಳಾಸ ಹಂಚಿರ್ತದ. ನೀವು ಊಟಕ್ಕ ಹೋದಾಗ ಕಂಪ್ಯೂಟರ್ ನಿದ್ದಿಗೆ ಹೋಗ್ತಾವ, ಎದ್ದ ಮ್ಯಾಲ ಮತ್ತ ಕೇಳ್ತಾವ. ಆವಾಗ ಇಬ್ಬರೂ ತಯಾರಿರ್ತಾರ. 169.254 ಅಂದ್ರ ಯಾರ ಉತ್ತರನೂ ಸಿಗಲಿಲ್ಲ, ವಿಂಡೋಸ್ ತಾನ ಒಂದು ವಿಳಾಸ ಹಾಕ್ಕೊಂಡ್ತು ಅಂತ. ಆ ಕಂಪ್ಯೂಟರಿನ ಕೇಬಲ್ ಕನೆಕ್ಟರ್ ಒಮ್ಮೆ ಒತ್ತಿ ನೋಡ್ರಿ, ಸಡಿಲ ಇರಬಹುದು.

ಮಾಡೂದು ಹಿಂಗ. ಹಳೇ ರೌಟರಿಗೆ ಒಂದು ಲ್ಯಾಪ್‌ಟಾಪ್ ಮಾತ್ರ ಕೇಬಲ್‌ನಿಂದ ಹಚ್ರಿ, ಬಾಕಿ ಎಲ್ಲಾ ತೆಗೀರಿ. 192.168.0.1 ತೆಗೆದು ಒಳಗ ಹೋಗ್ರಿ. ಮೆನುವಿನೊಳಗ ಆಕ್ಸೆಸ್ ಪಾಯಿಂಟ್ ಮೋಡ್ (ವಿಳಾಸ ಹಂಚದ ಬರೇ ವೈಫೈ ಕೊಡೂದು) ಅಂತ ಇದ್ರ ಅದನ್ನ ಆರಿಸ್ರಿ, ಕೆಲಸ ಮುಗೀತು. ಇಲ್ಲದಿದ್ರ ಮೊದಲ ಡಿಎಚ್‌ಸಿಪಿ ಬಂದ್ ಮಾಡ್ರಿ, ಆಮ್ಯಾಲ ಅದರ ಲ್ಯಾನ್ ವಿಳಾಸ 192.168.1.2 ಮಾಡ್ರಿ. ಫೈಬರ್ ಡಬ್ಬಿ ಹಂಚೂ ವಿಳಾಸ .10ರ ಮುಂದ ಶುರು ಆಗೂಹಂಗ ಅದರೊಳಗ ಇಡ್ರಿ, ಇಲ್ಲಾಂದ್ರ ಅದು ಮುಂದೊಮ್ಮೆ .2 ಯಾರಿಗಾದ್ರೂ ಕೊಟ್ಟೀತು. ಕೆಳಗಿನಿಂದ ಬಂದ ಕೇಬಲ್ ಮತ್ತ ಲ್ಯಾನ್ ಪೋರ್ಟಿನೊಳಗ ಇರಲಿ. ವ್ಯಾನ್‌ಗೆ ಹಚ್ಚಿದ್ರ ನೆಟ್ ಬರ್ತದ, ಸುಳ್ಳಲ್ಲ, ಆದ್ರ ಮ್ಯಾಲಿನ ಮಂದಿ ರೌಟರಿನ ಗ್ವಾಡಿ ಹಿಂದ ಕೂಡ್ತಾರ. ಕೆಳಗಿನ ಮೂರು ಕಂಪ್ಯೂಟರಿಗೆ ಮ್ಯಾಲಿನ ಟ್ಯಾಲಿ ಸಿಗಂಗಿಲ್ಲ.

ಅಚ್ಚುಮೊಳೆ, ಪುತ್ತೂರು

ನಮ್ಮದು ಪ್ರಿಂಟಿಂಗ್ ಪ್ರೆಸ್. ಪ್ರಿಂಟರ್ ವಿಷಯಕ್ಕೆ ಒಂದು ಮಾತು ಸೇರಿಸ್ತೇನೆ, ಯಾಕೆಂದರೆ ಡಿಎಚ್‌ಸಿಪಿ ಸರಿ ಮಾಡಿದ ಮೇಲೂ ಅದು ಕಾಟ ಕೊಡುವುದುಂಟು.

ಪ್ರಿಂಟರ್ ಮತ್ತು ಟ್ಯಾಲಿ ಕಂಪ್ಯೂಟರ್‌ನ ವಿಳಾಸ ಯಾವಾಗಲೂ ಒಂದೇ ಇರಬೇಕು. ಅದಕ್ಕೆ ಒಂದೊಂದು ಮೆಷಿನ್‌ಗೂ ಹೋಗಿ ಕೈಯಿಂದ ಐಪಿ ಹಾಕ್ಲಿಕ್ಕೆ ಹೋಗಬೇಡಿ. ಫೈಬರ್ ಡಬ್ಬಿಯ ಸೆಟ್ಟಿಂಗ್‌ನಲ್ಲಿ ಅಡ್ರೆಸ್ ರಿಸರ್ವೇಶನ್ ಅಂತ ಇರ್ತದೆ. ಪ್ರಿಂಟರ್‌ನ ಮ್ಯಾಕ್ ನಂಬರ್ (ಕಂಪನಿಯಿಂದಲೇ ಬರುವ ಗುರುತಿನ ಸಂಖ್ಯೆ) ಹಾಕಿ ಅದಕ್ಕೆ .50 ಅಂತ ಬರೆದಿಟ್ಟರೆ ಆಯ್ತು, ಪ್ರಿಂಟರ್ ಯಾವಾಗ ಕೇಳಿದರೂ ಅದೇ ಸಿಗ್ತದೆ. ಪಟ್ಟಿ ಒಂದೇ ಕಡೆ ಇರ್ತದೆ, ನಾಳೆ ಹುಡುಕ್ಲಿಕ್ಕೂ ಸುಲಭ. ಮ್ಯಾಕ್ ನಂಬರ್ ಪ್ರಿಂಟರ್‌ನ ಹಿಂದೆ ಸ್ಟಿಕ್ಕರ್‌ನಲ್ಲಿ ಉಂಟು, ಇಲ್ಲದಿದ್ದರೆ ನೆಟ್‌ವರ್ಕ್ ರಿಪೋರ್ಟ್ ಪ್ರಿಂಟ್ ಕೊಟ್ಟರೆ ಸಿಗ್ತದೆ.

ಎರಡನೆಯದು ಯಾರೂ ಹೇಳುವುದಿಲ್ಲ. ವಿಂಡೋಸ್ ತಾನಾಗಿಯೇ ಪ್ರಿಂಟರ್ ಹುಡುಕಿ ಸೇರಿಸಿದಾಗ ಎಷ್ಟೋ ಸಲ ಡಬ್ಲ್ಯುಎಸ್‌ಡಿ ಅನ್ನುವ ಪೋರ್ಟ್ ಹಾಕ್ತದೆ. ಪ್ರಿಂಟರ್ ಸ್ವಲ್ಪ ಹೊತ್ತು ನಿದ್ದೆ ಮಾಡಿದರೂ ಅದು ಆಫ್‌ಲೈನ್ ಅಂತ ತೋರಿಸಿ ಕೂತುಬಿಡ್ತದೆ. ಪ್ರಿಂಟರ್ ಪ್ರಾಪರ್ಟೀಸ್‌ಗೆ ಹೋಗಿ ಪೋರ್ಟ್ಸ್ ಟ್ಯಾಬ್ ನೋಡಿ. ಡಬ್ಲ್ಯುಎಸ್‌ಡಿ ಅಂತಿದ್ದರೆ, ಆಡ್ ಪೋರ್ಟ್ ಒತ್ತಿ ಸ್ಟ್ಯಾಂಡರ್ಡ್ ಟಿಸಿಪಿ/ಐಪಿ ಪೋರ್ಟ್ ಆರಿಸಿ 192.168.1.50 ಕೊಡಿ. ನಮ್ಮಲ್ಲಿ ಮದುವೆ ಸೀಸನ್‌ನಲ್ಲಿ ಆಮಂತ್ರಣದ ಪ್ರೂಫ್ ತೆಗೀಲಿಕ್ಕೆ ಗಿರಾಕಿ ಎದುರಿಗೇ ನಿಂತಿರ್ತಾರೆ, ಆಗ ಪ್ರಿಂಟರ್ ಕೈಕೊಟ್ಟರೆ ಎಷ್ಟು ಕಷ್ಟ ಅಂತ ನನಗೆ ಗೊತ್ತು. ಹಾಗಾಗಿ ಎಲ್ಲ ಕಂಪ್ಯೂಟರ್‌ನಲ್ಲೂ ಈ ಪೋರ್ಟ್ ಒಮ್ಮೆ ನೋಡಿಯೇ ಬಿಡಿ.

ತೆರಿಗೆಕಟ್ಟೆ, ದಾವಣಗೆರೆ

ಹುಬ್ಬಳ್ಳಿ ಸರ್, ಪುತ್ತೂರು ಮೇಡಂ, ಇಬ್ಬರಿಗೂ ಕೈ ಮುಗಿದೆ. ಹಳೇ ರೌಟರ್‌ನಲ್ಲಿ ಡಿಎಚ್‌ಸಿಪಿ ಬಂದ್ ಮಾಡಿ 192.168.1.2 ಹಾಕಿದೆ. ಈಗ ಎಲ್ಲ ಒಂಬತ್ತಕ್ಕೂ 192.168.1 ಸಾಲೇ ಬರ್ತಿದೆ. ಸಡಿಲ ಇದ್ದ ಕನೆಕ್ಟರ್ ಬದಲಾಯಿಸಿದೆ. ಒಂದು ಪ್ರಿಂಟರ್ ನಿಜವಾಗಲೂ ಡಬ್ಲ್ಯುಎಸ್‌ಡಿಯಲ್ಲಿತ್ತು, ಬದಲಾಯಿಸಿದ ಮೇಲೆ ಆಫ್‌ಲೈನ್ ಅಂತ ಬಂದಿಲ್ಲ.

ಆದರೆ ನಿಧಾನ ಹಾಗೇ ಇದೆ. ಕೆಳಗೆ ಡಬ್ಬಿಗೆ ಲ್ಯಾಪ್‌ಟಾಪ್ ನೇರ ಹಚ್ಚಿ ಸ್ಪೀಡ್ ಟೆಸ್ಟ್ ಮಾಡಿದರೆ ಡೌನ್‌ಲೋಡ್ 195, ಅಪ್‌ಲೋಡ್ 20. ಮೇಲೆ ಬೆಳಿಗ್ಗೆ ಯಾರೂ ಇಲ್ಲದಾಗ ಮಾಡಿದರೂ 94 ದಾಟಲ್ಲ. ಮಧ್ಯಾಹ್ನ ಎರಡು ಕಡೆಯೂ ಪೇಜ್ ತೆರೆಯೋದಕ್ಕೇ ಒದ್ದಾಟ.

ಪ್ಯಾಕೆಟ್ ಪರೀಕ್ಷಕ, ಮೈಸೂರು

94 ಅನ್ನೋ ಸಂಖ್ಯೆ ನೋಡಿದ ತಕ್ಷಣ ಗೊತ್ತಾಗುತ್ತೆ ಸರ್. 100 ಎಂಬಿಪಿಎಸ್ ಲಿಂಕ್‌ನಲ್ಲಿ ಹೆಡರ್ ಎಲ್ಲ ಕಳೆದು ಕೈಗೆ ಸಿಗೋದು 94, 95. ಅಂದ್ರೆ ಡಬ್ಬಿಯಿಂದ ನಿಮ್ಮ ಟೇಬಲ್‌ವರೆಗಿನ ದಾರಿಯಲ್ಲಿ ಎಲ್ಲೋ ಒಂದು ಕೊಂಡಿ 100ಕ್ಕೇ ನಿಂತಿದೆ. ಪ್ಲ್ಯಾನ್ 200 ಮಾಡಿಸಿ, 500 ಮಾಡಿಸಿ, ಮೇಲೆ ಬರೋದು 94ಏ. ಕೇಬಲ್, ರೌಟರ್, ಸ್ವಿಚ್ ಮೂರರಲ್ಲಿ ಯಾವುದು ಅಂತ ಹುಡುಕಬೇಕು. ಮೇಲೆ ಬರೋ ಕೇಬಲ್ ತುದಿಯನ್ನ ನೇರ ಲ್ಯಾಪ್‌ಟಾಪ್‌ಗೆ ಚುಚ್ಚಿ, ವಿಂಡೋಸ್‌ನ ಈಥರ್‌ನೆಟ್ ಸೆಟ್ಟಿಂಗ್‌ನಲ್ಲಿ ಲಿಂಕ್ ಸ್ಪೀಡ್ ನೋಡಿ. 1000 ಅಂದರೆ ಕೇಬಲ್ ಸರಿ ಇದೆ. 100 ಅಂದರೆ ಕೇಬಲ್‌ನದೇ ತೊಂದರೆ.

ಮಧ್ಯಾಹ್ನದ ನಿಧಾನ ಬೇರೆ ವಿಷಯ, ಅದು ಕೆಳಗೂ ಆಗ್ತಿದೆ ಅಂದ್ರಲ್ಲ. ನನ್ನ ಅನುಮಾನ ಆ ಅಪ್‌ಲೋಡ್ 20ರ ಮೇಲೆ. ಎಲ್ಲರೂ ಡೌನ್‌ಲೋಡ್ ಸಂಖ್ಯೆ ನೋಡಿ ಪ್ಲ್ಯಾನ್ ತಗೋತಾರೆ. ಆದರೆ ನೀವು ಒಂದು ಪೇಜ್ ಕೇಳೋ ಕೋರಿಕೆ, ಬಂದದ್ದು ತಲುಪಿತು ಅಂತ ಹೇಳೋ ಸಣ್ಣ ಸಣ್ಣ ಪ್ಯಾಕೆಟ್, ಇವೆಲ್ಲ ಹೋಗೋದು ಅಪ್‌ಲೋಡ್ ದಾರೀಲೇ. ಅಲ್ಲಿ ಯಾರಾದರೂ ದೊಡ್ಡ ಫೈಲ್ ತಳ್ತಿದ್ದರೆ ಡಬ್ಬಿ ಅದನ್ನೆಲ್ಲ ಬಫರ್‌ನಲ್ಲಿ ಪೇರಿಸಿಟ್ಟುಕೊಳ್ಳುತ್ತೆ, ನಿಮ್ಮ ಪುಟ್ಟ ಕೋರಿಕೆ ಅದರ ಹಿಂದೆ ಕಾಯುತ್ತೆ. ಡೌನ್‌ಲೋಡ್ 195 ಖಾಲಿ ಇದ್ದರೂ ಪೇಜ್ ತೆರೆಯಲ್ಲ. ಮಧ್ಯಾಹ್ನ ನಿಧಾನ ಆದಾಗ 8.8.8.8ಕ್ಕೆ ಪಿಂಗ್ (ಉತ್ತರ ಬರೋಕೆ ಎಷ್ಟು ಹೊತ್ತು ಅಂತ ಅಳೆಯೋ ಕಮಾಂಡ್) ಹಾಕಿ ಬಿಡಿ. ಬೆಳಿಗ್ಗೆಯ ಸಂಖ್ಯೆಗೂ ಆಗಿನದ್ದಕ್ಕೂ ಹೋಲಿಸಿ. ಆ ಹೊತ್ತಿಗೆ ಯಾವ್ಯಾವ ಮೆಷಿನ್ ಏನೇನು ಕಳಿಸ್ತಿದೆ ಅಂತ ಟಾಸ್ಕ್ ಮ್ಯಾನೇಜರ್‌ನಲ್ಲಿ ನೆಟ್‌ವರ್ಕ್ ಕಾಲಂ ನೋಡಿ.

ತೆರಿಗೆಕಟ್ಟೆ, ದಾವಣಗೆರೆ

ಬೆಳಿಗ್ಗೆ ಪಿಂಗ್ 20 ಮಿಲಿಸೆಕೆಂಡ್ ಒಳಗೆ. ಮಧ್ಯಾಹ್ನ 800, 900, ನಡುವೆ ರಿಕ್ವೆಸ್ಟ್ ಟೈಮ್ಡ್ ಔಟ್. ಕೇಬಲ್ ನೇರ ಚುಚ್ಚಿದಾಗ ಲಿಂಕ್ 100 ಅಂತ ತೋರಿಸ್ತು. ಟ್ಯಾಲಿ ಕಂಪ್ಯೂಟರ್‌ನಲ್ಲಿ ಎರಡು ಗಂಟೆಗೆ ಬ್ಯಾಕಪ್ ಆಗುತ್ತೆ, ಆ ಫೋಲ್ಡರ್ ಗೂಗಲ್ ಡ್ರೈವ್‌ಗೆ ಹೋಗುತ್ತೆ, ಸುಮಾರು 4 ಜಿಬಿ. ಉಳಿದ ಕಂಪ್ಯೂಟರ್‌ಗಳಲ್ಲಿ ಅಂಥದ್ದೇನೂ ಕಾಣಲಿಲ್ಲ. ಬ್ಯಾಕಪ್ ನಿಲ್ಲಿಸಿ ನೋಡಿದರೂ ಪಿಂಗ್ 300ರ ಮೇಲೇ ಇತ್ತು.

ಪ್ಯಾಕೆಟ್ ಪರೀಕ್ಷಕ, ಮೈಸೂರು

4 ಜಿಬಿ ಅಂದರೆ 32 ಗಿಗಾಬಿಟ್. 20 ಎಂಬಿಪಿಎಸ್‌ನಲ್ಲಿ ಪೂರ್ತಿ ಲೈನ್ ಹಿಡಿದು ತಳ್ಳಿದರೂ ಅರ್ಧ ಗಂಟೆ ಹತ್ತಿರ. ಅದನ್ನ ರಾತ್ರಿಗೆ ಹಾಕಿ, ಡ್ರೈವ್ ಆ್ಯಪ್‌ನಲ್ಲಿ ಅಪ್‌ಲೋಡ್ ವೇಗಕ್ಕೆ ಮಿತಿ ಹಾಕೋ ಅವಕಾಶವೂ ಇದೆ. ಮೇಲಿನ ಮೇನ್ ರಾತ್ರಿ ಆಫ್ ಮಾಡ್ತೀರಿ ಅಂದ್ರಲ್ಲ, ಹಾಗಾದರೆ ಮಿತಿ ಹಾಕೋದೇ ವಾಸಿ: 4 ಎಂಬಿಪಿಎಸ್‌ಗೆ ಕಟ್ಟಿದರೆ ಎರಡೂಕಾಲು ಗಂಟೆ ತಗೊಂಡು ಯಾರಿಗೂ ತೊಂದರೆ ಇಲ್ಲದೆ ಹೋಗುತ್ತೆ.

ಬ್ಯಾಕಪ್ ನಿಂತ ಮೇಲೂ 300 ಇದೆ ಅಂದರೆ ಕಂಪ್ಯೂಟರ್ ಅಲ್ಲದ್ದು ಏನೋ ತಳ್ತಿದೆ. ಕ್ಯಾಮೆರಾಗಳನ್ನ ಹೊರಗಿನಿಂದ ಯಾರಾದರೂ ಮಧ್ಯಾಹ್ನ ನೋಡ್ತಾರಾ?

ತೆರಿಗೆಕಟ್ಟೆ, ದಾವಣಗೆರೆ

ನೋಡ್ತಾರೆ ಸರ್! ನಮ್ಮ ಸೀನಿಯರ್ ಊಟಕ್ಕೆ ಮನೆಗೆ ಹೋದರೆ ಸಂಜೆಯೇ ಬರೋದು. ಮನೆಯಲ್ಲಿ ನಾಲ್ಕೂ ಕ್ಯಾಮೆರಾ ಹಾಕಿಕೊಂಡಿರ್ತಾರೆ.

ಪ್ಯಾಕೆಟ್ ಪರೀಕ್ಷಕ, ಮೈಸೂರು

ಸಿಕ್ಕಿತು. ಫುಲ್ ಎಚ್‌ಡಿ ಕ್ಯಾಮೆರಾದ ಮೇನ್ ಸ್ಟ್ರೀಮ್ ಒಂದಕ್ಕೆ ಸಾಮಾನ್ಯವಾಗಿ 4 ಎಂಬಿಪಿಎಸ್ ಇಟ್ಟಿರ್ತಾರೆ. ನಾಲ್ಕು ಸೇರಿದರೆ 16. ನಿಮ್ಮ ಹತ್ತಿರ ಇರೋದೇ 20. ಅವರಿಗೆ ನೋಡಬೇಡಿ ಅನ್ನೋ ಅಗತ್ಯ ಇಲ್ಲ. ಮೊಬೈಲ್ ಆ್ಯಪ್‌ನಲ್ಲಿ ಎಚ್‌ಡಿ ತೆಗೆದು ಎಸ್‌ಡಿ ಇಟ್ಟರೆ ಸಬ್ ಸ್ಟ್ರೀಮ್ ಬರುತ್ತೆ, ಅದು ಅರ್ಧ ಎಂಬಿಪಿಎಸ್ ಆಸುಪಾಸು. ನಾಲ್ಕು ಚೌಕದಲ್ಲಿ ನೋಡೋದಕ್ಕೆ ಅದು ಸಾಕು. ಡಿವಿಆರ್‌ನಲ್ಲಿ ರೆಕಾರ್ಡ್ ಆಗೋದು ಪೂರ್ತಿ ಗುಣಮಟ್ಟದಲ್ಲೇ ಇರುತ್ತೆ.

ಮುಂದೆ ರೌಟರ್ ಬದಲಾಯಿಸೋ ಯೋಚನೆ ಬಂದರೆ ಎಸ್‌ಕ್ಯೂಎಂ (ಪ್ಯಾಕೆಟ್‌ಗಳ ಸಾಲು ನಿಭಾಯಿಸೋ ಸೌಲಭ್ಯ) ಇರೋದು ತಗೊಳ್ಳಿ. ಓಪನ್‌ಡಬ್ಲ್ಯುಆರ್‌ಟಿ ಅನ್ನೋ ಸಾಫ್ಟ್‌ವೇರ್ ಹಾಕಬಹುದಾದ ರೌಟರ್‌ಗಳಲ್ಲಿ ಸಿಗುತ್ತೆ. ಅಪ್‌ಲೋಡ್ 20 ಇದ್ದರೆ ಅದರಲ್ಲಿ 18 ಅಂತ ಹಾಕಬೇಕು. ಆಗ ಸಾಲು ಡಬ್ಬಿಯಲ್ಲಿ ಪೇರುವ ಬದಲು ನಿಮ್ಮ ರೌಟರ್ ಕೈಯಲ್ಲಿ ಇರುತ್ತೆ, ಅದು ಸಣ್ಣ ಪ್ಯಾಕೆಟ್‌ಗಳಿಗೆ ದಾರಿ ಬಿಡುತ್ತೆ. ಇನ್ನೊಂದು ಸಣ್ಣ ಕೆಲಸ: ವಿಂಡೋಸ್ ಅಪ್‌ಡೇಟ್‌ನಲ್ಲಿ ಡೆಲಿವರಿ ಆಪ್ಟಿಮೈಸೇಶನ್ ನೋಡಿ. ‘ಇಂಟರ್‌ನೆಟ್‌ನ ಕಂಪ್ಯೂಟರ್‌ಗಳಿಗೂ’ ಅಂತಿದ್ದರೆ ‘ಲೋಕಲ್ ನೆಟ್‌ವರ್ಕ್ ಮಾತ್ರ’ ಮಾಡಿ. ಒಂದು ಕಂಪ್ಯೂಟರ್ ಇಳಿಸಿಕೊಂಡ ಅಪ್‌ಡೇಟ್ ಪಕ್ಕದವಕ್ಕೂ ಒಳಗಿಂದೊಳಗೇ ಸಿಗುತ್ತೆ.

ತಂತಿ ಎಳೆಯುವವ, ಹುಬ್ಬಳ್ಳಿ

ಕೇಬಲ್ ಮಾತಿಗೆ ಬರ್ತೀನ್ರಿ. ಲಿಂಕ್ 100ಕ್ಕ ನಿಂತದ ಅಂದ್ರ ಎಂಟು ಎಳಿಯೊಳಗ ನಾಕ ಎಳಿ ಕೆಲಸ ಮಾಡ್ತಾವ. 100ಕ್ಕ 1, 2, 3, 6ನೇ ಪಿನ್ ಸಾಕು, ಅಂದ್ರ ಕಿತ್ತಳಿ ಜೋಡಿ, ಹಸಿರು ಜೋಡಿ. ಗಿಗಾಬಿಟ್ಟಿಗೆ ಎಂಟೂ ಬೇಕು. ಎರಡೂ ತುದಿ ಕನೆಕ್ಟರ್ ಬೆಳಕಿಗೆ ಹಿಡಿದು ನೋಡ್ರಿ, ಪಾರದರ್ಶಕ ಇರ್ತದ. ಚಿಲಕ ಕೆಳಗ ಮಾಡಿ ಹಿಡಿದ್ರ ಎಡಗಡೆಯಿಂದ ಬಿಳಿ-ಕಿತ್ತಳಿ, ಕಿತ್ತಳಿ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು ಇರಬೇಕು. ಸಿಸಿ ಕ್ಯಾಮೆರಾ ಹಚ್ಚಿದವರು ನೀಲಿ, ಕಂದು ಜೋಡಿ ಎಳಕೊಂಡು ಬ್ಯಾರೆ ಕೆಲಸಕ್ಕ ಬಳಸಿರೂದು ನಾ ಭಾಳ ಕಡೆ ಕಂಡೀನಿ.

ತೆರಿಗೆಕಟ್ಟೆ, ದಾವಣಗೆರೆ

ಅದೇ ಆಗಿದೆ ಸರ್. ಕೆಳಗಿನ ತುದಿಯಲ್ಲಿ ನಾಲ್ಕೇ ಎಳೆ ಕನೆಕ್ಟರ್‌ಗೆ ಹೋಗಿವೆ. ನೀಲಿ, ಕಂದು ಎಳೆಗಳನ್ನ ಹೊರಗೆ ತೆಗೆದು, ಇನ್ನೊಂದು ಕನೆಕ್ಟರ್ ಹಾಕಿ ಡಿವಿಆರ್‌ಗೆ ಕೊಟ್ಟಿದ್ದಾರೆ. ಡಿವಿಆರ್ ಮೇಲಿದೆ.

ತಂತಿ ಎಳೆಯುವವ, ಹುಬ್ಬಳ್ಳಿ

ಹಂಗಾರ ಡಿವಿಆರನ್ನ ಮ್ಯಾಲಿನ ಸ್ವಿಚ್ಚಿಗೇ ಹಚ್ರಿ, ಅದಕ್ಕ ಬ್ಯಾರೆ ಲೈನ್ ಬೇಕಾಗಿಲ್ಲ. ಕೇಬಲಿನ ಎರಡೂ ತುದಿಗೆ ಎಂಟೂ ಎಳಿ ಹಾಕಿ ಹೊಸದಾಗಿ ಕ್ರಿಂಪ್ ಮಾಡಸ್ರಿ. ಸ್ವಿಚ್ಚಿನ ಮ್ಯಾಲ 10/100 ಅಂತ ಬರದಿದ್ರ ಅದನ್ನೂ ಬದಲಿ ಮಾಡ್ರಿ, ಗಿಗಾಬಿಟ್ ಸ್ವಿಚ್ ಈಗ ತುಟ್ಟಿ ಏನಿಲ್ಲ. ಕೆಳಗಿನಿಂದ ಬಂದ ಕೇಬಲ್ ಮೊದಲ ಸ್ವಿಚ್ಚಿಗೆ ಹೋಗ್ಲಿ, ಹಳೇ ರೌಟರ್ ಸ್ವಿಚ್ಚಿಗೆ ಜೋತು ಬೀಳಲಿ. ಅದು ಬರೇ ವೈಫೈ ಕೊಟ್ರ ಸಾಕು. ಹೊಸ ಕೇಬಲ್ ತೊಗೊಂಡ್ರ ಪೂರ್ತಿ ತಾಮ್ರದ್ದ ಕೇಳ್ರಿ. ಅಲ್ಯೂಮಿನಿಯಂ ಮ್ಯಾಲ ತಾಮ್ರದ ಲೇಪ ಕೊಟ್ಟದ್ದು ಅಗ್ಗ ಸಿಗ್ತದ, ಬಗ್ಗಿಸಿದಲ್ಲಿ ಮುರೀತದ. ಸ್ವಿಚ್ಚಿನಿಂದ ಹೊಂಟ ಕೇಬಲ್ ಅದಕ್ಕ ವಾಪಸ್ ಬಂದು ಸೇರದಂಗ ನೋಡ್ಕೋರಿ. ಸಾದಾ ಸ್ವಿಚ್ಚಿನೊಳಗ ಅದು ಸುತ್ತು ಹೊಡೆದು ಇಡೀ ಆಫೀಸ್ ಕ್ಷಣದಾಗ ನಿಂತುಬಿಡ್ತದ.

ಹಳೇ ಸೈಬರ್ ಕೆಫೆ, ಸಾಗರ

ಇದನ್ನೆಲ್ಲ ಓದಿ ಸಂತೋಷವಾಯಿತು. ವಿಂಡೋಸ್ 98 ಎರಡನೇ ಆವೃತ್ತಿ ಬಂದಾಗ ಒಂದು ಡಯಲಪ್ ಮೋಡೆಮ್ ಇದ್ದ ಕಂಪ್ಯೂಟರಿನಿಂದ ಉಳಿದವಕ್ಕೆ ನೆಟ್ ಹಂಚುತ್ತಿದ್ದೆವು. ಆ ಕಂಪ್ಯೂಟರು ಆಫ್ ಆದರೆ ಎಲ್ಲರದೂ ಹೋಗುತ್ತಿತ್ತು. 2005ರ ನಂತರ ಬ್ರಾಡ್‌ಬ್ಯಾಂಡ್ ಬಂತು, 256 ಕೆಬಿಪಿಎಸ್. ಆಗಿನ ಸರ್ಕಾರಿ ನೀತಿಯಲ್ಲಿ ಬ್ರಾಡ್‌ಬ್ಯಾಂಡ್ ಅನ್ನಿಸಿಕೊಳ್ಳಲು ಅಷ್ಟೇ ಸಾಕಿತ್ತು.

ವಿಂಡೋಸಿನ ಆ ಹಂಚಿಕೆ ಈಗಲೂ ಇದೆ, ಫೈಬರ್ ಕಡಿದು ಹೋದ ದಿನ ಉಪಯೋಗಕ್ಕೆ ಬರುತ್ತದೆ. ಮಳೆಗಾಲದಲ್ಲಿ ನಮ್ಮ ಕಡೆ ಮರ ಬಿದ್ದು ಲೈನ್ ಹೋಗುವುದು ಸಾಮಾನ್ಯ. ಮೊಬೈಲನ್ನು ಯುಎಸ್‌ಬಿಯಿಂದ ಒಂದು ಕಂಪ್ಯೂಟರಿಗೆ ಜೋಡಿಸಿ, ಆ ಕನೆಕ್ಷನ್ನನ್ನು ಈಥರ್‌ನೆಟ್ ಕಡೆಗೆ ಶೇರ್ ಮಾಡಿದರೆ ಇಡೀ ಸ್ವಿಚ್ಚಿಗೆ ಸಿಗುತ್ತದೆ. ಆದರೆ ಆಗ ಆ ಕಂಪ್ಯೂಟರು 192.168.137.1 ಆಗಿ ತಾನೂ ವಿಳಾಸ ಹಂಚಲು ಶುರುಮಾಡುತ್ತದೆ. ಹಾಗಾಗಿ ಮೊದಲು ಫೈಬರ್ ಡಬ್ಬಿಯ ಕೇಬಲನ್ನು ಸ್ವಿಚ್ಚಿನಿಂದ ತೆಗೆಯಬೇಕು, ಲೈನ್ ಬಂದ ಮೇಲೆ ಶೇರಿಂಗ್ ಮರೆಯದೆ ಬಂದ್ ಮಾಡಬೇಕು. ಟ್ಯಾಲಿ ಕಂಪ್ಯೂಟರಿನಲ್ಲಂತೂ ಇದನ್ನು ಮಾಡಬೇಡಿ, ಅದರ ವಿಳಾಸ ಬದಲಾದರೆ ಉಳಿದವರ ಟ್ಯಾಲಿ ನಿಲ್ಲುತ್ತದೆ.

ಮೆಡಿಕಲ್ ಶಾಪ್, ಚಿಕ್ಕಮಗಳೂರು

ನಡುವೆ ಬಂದೆ, ಕ್ಷಮಿಸಿ. ಪಕ್ಕದ ಝೆರಾಕ್ಸ್ ಅಂಗಡಿಯವರು ನಮ್ಮ ಲೈನಿನಿಂದ ಒಂದು ಕೇಬಲ್ ಕೊಡಿ, ಅರ್ಧ ದುಡ್ಡು ಕೊಡ್ತೀನಿ ಅಂತಿದ್ದಾರೆ. ಕೊಡಬಹುದಾ?

ಪ್ಯಾಕೆಟ್ ಪರೀಕ್ಷಕ, ಮೈಸೂರು

ಬೇಡ ಸರ್. ದುಡ್ಡು ತಗೊಂಡು ಬೇರೆಯವರಿಗೆ ಕೊಡೋದನ್ನ ಇಂಟರ್‌ನೆಟ್ ಕಂಪನಿಗಳು ಸಾಮಾನ್ಯವಾಗಿ ಕರಾರಿನಲ್ಲೇ ನಿಷೇಧಿಸಿರ್ತಾರೆ. ಅವರ ಅಂಗಡೀಲಿ ಯಾರೋ ಗಿರಾಕಿ ತಪ್ಪು ಕೆಲಸ ಮಾಡಿದರೂ ಹೊರಗೆ ಕಾಣೋದು ನಿಮ್ಮ ಐಪಿ, ಪೊಲೀಸರು ಮೊದಲು ಬರೋದು ನಿಮ್ಮ ಹತ್ತಿರ. ಕಾನೂನುಬದ್ಧವಾಗಿ ವೈಫೈ ಮಾರಬೇಕು ಅಂದ್ರೆ 2020ರ ಡಿಸೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ-ವಾಣಿ ಅನ್ನೋ ಸಾರ್ವಜನಿಕ ವೈಫೈ ಯೋಜನೆ ಇದೆ. ಅದರಲ್ಲಿ ಅಂಗಡಿಯವರಿಗೆ ಲೈಸೆನ್ಸ್ ಬೇಡ, ಬಳಸುವವರ ಗುರುತಿನ ದಾಖಲೆ ಬೇರೆ ಸಂಸ್ಥೆ ನೋಡಿಕೊಳ್ಳುತ್ತೆ.

ತೆರಿಗೆಕಟ್ಟೆ, ದಾವಣಗೆರೆ

ಕೇಬಲ್ ಹೊಸದಾಗಿ ಕ್ರಿಂಪ್ ಆಯ್ತು, ಗಿಗಾಬಿಟ್ ಸ್ವಿಚ್ ಬಂತು. ಮೇಲೂ 190 ದಾಟ್ತಿದೆ. ಸೀನಿಯರ್ ಆ್ಯಪ್‌ನಲ್ಲಿ ಎಸ್‌ಡಿ ಇಟ್ಟುಕೊಟ್ಟೆ, ಬ್ಯಾಕಪ್‌ಗೆ ಮಿತಿ ಹಾಕಿದೆ, ಮಧ್ಯಾಹ್ನದ ಪಿಂಗ್ 30ರ ಒಳಗೇ ಇದೆ. ಎರಡನೇ ಕನೆಕ್ಷನ್ ಸದ್ಯಕ್ಕೆ ಬೇಡ ಅಂತ ಸೀನಿಯರ್ ಅಂದರು.

ಕೊನೇ ಪ್ರಶ್ನೆ. ಕೆಳಗೆ ಕಾಯುವ ಕ್ಲೈಂಟ್‌ಗಳು ವೈಫೈ ಪಾಸ್‌ವರ್ಡ್ ಕೇಳ್ತಾರೆ. ಇಲ್ಲ ಅನ್ನೋಕೆ ಆಗಲ್ಲ. ಆದರೆ ಟ್ಯಾಲಿ ಇರೋ ನೆಟ್‌ವರ್ಕ್‌ಗೆ ಅವರ ಫೋನ್ ಬರೋದು ಮನಸ್ಸಿಗೆ ಒಪ್ಪಲ್ಲ.

ತಂತಿ ಎಳೆಯುವವ, ಹುಬ್ಬಳ್ಳಿ

ಒಪ್ಪಲೂಬಾರದ್ರಿ, ಮಂದಿಯ ಪ್ಯಾನ್, ಆಧಾರ್ ಎಲ್ಲಾ ನಿಮ್ಮ ಕಡೆ ಅದ. ಗೆಸ್ಟ್ ವೈಫೈ ಕೆಳಗಿನ ಫೈಬರ್ ಡಬ್ಬಿಯೊಳಗ ಮಾಡ್ರಿ, ಮ್ಯಾಲಿನ ಹಳೇ ರೌಟರಿನೊಳಗ ಬ್ಯಾಡ. ಆಕ್ಸೆಸ್ ಪಾಯಿಂಟ್ ಆಗಿ ನಿಂತ ರೌಟರ್ ಗೆಸ್ಟ್ ಅಂತ ಹೆಸರು ಕೊಟ್ರೂ ಭಾಳ ಸಲ ಎಲ್ಲಾರನ್ನೂ ಅದ ನೆಟ್‌ವರ್ಕಿಗೆ ಬಿಡ್ತದ. ಮಾಡಿದ ಮ್ಯಾಲ ನಂಬಿ ಕೂಡಬ್ಯಾಡ್ರಿ. ನಿಮ್ಮ ಫೋನನ್ನ ಗೆಸ್ಟಿಗೆ ಹಚ್ಚಿ ಬ್ರೌಸರಿನೊಳಗ ಪ್ರಿಂಟರಿನ 192.168.1.50 ಹೊಡೀರಿ, ಆಮ್ಯಾಲ 192.168.1.1 ಹೊಡೀರಿ. ಎರಡೂ ತೆರೀಬಾರದು.

ತೆರಿಗೆಕಟ್ಟೆ, ದಾವಣಗೆರೆ

ಮಾಡಿ ನೋಡಿದೆ. ಪ್ರಿಂಟರ್ ಪೇಜ್ ತೆರೆಯಲಿಲ್ಲ. 192.168.1.1 ಮಾತ್ರ ಲಾಗಿನ್ ಕೇಳ್ತು.

ತಂತಿ ಎಳೆಯುವವ, ಹುಬ್ಬಳ್ಳಿ

ಕೆಲವು ಡಬ್ಬಿ ಅದನ್ನ ಮುಚ್ಚಂಗಿಲ್ಲ. ಹಂಗಾರ ಅಡ್ಮಿನ್ ಪಾಸ್‌ವರ್ಡ್ ಇವತ್ತ ಬದಲಿ ಮಾಡ್ರಿ, ಡಬ್ಬಿ ತಳದ ಸ್ಟಿಕ್ಕರಿನೊಳಗ ಇದ್ದದ್ದು ಇರಬಾರದು. ಡಬ್ಲ್ಯುಪಿಎಸ್ (ಗುಂಡಿ ಒತ್ತಿ ಇಲ್ಲಾ ಪಿನ್ ಹೊಡೆದು ವೈಫೈ ಸೇರೂ ಸೌಲಭ್ಯ) ಬಂದ್ ಮಾಡ್ರಿ, ಹೊರಗಿನಿಂದ ಮ್ಯಾನೇಜ್ ಮಾಡೂ ಸೆಟ್ಟಿಂಗ್ ನಿಮ್ಮ ಕೈಯಾಗ ಇದ್ರ ಅದನ್ನೂ ಬಂದ್ ಮಾಡ್ರಿ. ಹೊಸ ಪಾಸ್‌ವರ್ಡ್ ನಿಮ್ಮ ಸೀನಿಯರ್ ಚೇಂಬರಿನ ಡೈರಿಯೊಳಗ ಬರೆದಿಡ್ರಿ.